ಕನ್ಯಾಕುಮಾರಿಗೆ ಹೊರಟ ಬೋರಣ್ಣ

ಮಡಕಶಿರದ ಕೋಟೆ ಬೀದಿಯ ಬೋರಣ್ಣ ಸೈಕಲ್ ಮೇಲೆ ಕನ್ಯಾಕುಮಾರಿಗೆ ಹೊರಟು ನಿಂತು ವರ್ಷಗಳೇ ಆದವು. ದೂರದ ಪ್ರಯಾಣಕ್ಕೆಂದೇ ಕೊಂಡ ಆ ಉಕ್ಕಿನ ಸೈಕಲ್ಲಿಗೆ, ಮದುಮಗಳಿಗೆ ಒಡವೆ ಇಟ್ಟಂತೆ, ಅವನು ಒಂದೊಂದೇ ಸಾಮಾನು ಏರಿಸುತ್ತಾ ಬಂದಿದ್ದಾನೆ. ಮುಂದೆ ಲಾರಿಯವರೇ ಕಣ್ಣು ಮುಚ್ಚಿಕೊಳ್ಳುವಂಥ ದೀಪ, ಹಿಂದೊಂದು ಕೆಂಪು ದೀಪ, ಅದು ಕೆಟ್ಟರೆ ಇರಲಿ ಎಂದು ಇನ್ನೊಂದು. ಮೋಡ ದಾರಿ ತಪ್ಪಿದರಷ್ಟೇ ಬರುವ ಈ ಸೀಮೆಯಲ್ಲಿ, ನೆಲ ಮುಟ್ಟುವಷ್ಟು ಉದ್ದದ ಮಡ್‌ಗಾರ್ಡು ಬೇರೆ. "ಮಳೆನೇ ಇಲ್ವಲ್ಲಣ್ಣಾ?" ಎಂದ ಟೀ ಅಂಗಡಿ ಮಾರೇಶನಿಗೆ, "ಇಲ್ಲಿಲ್ಲ ಕಣ್ಲಾ, ದಾರೀಲಿ ಐತೆ" ಎಂದು ಉತ್ತರ. "ಹಂಗಾರೆ ಹೊರಡಾದು ಯಾವಾಗ?" "ಒಂದು ಬೋಲ್ಟ್ ಬಾಕಿ ಐತೆ." ಇಷ್ಟೆಲ್ಲ ಸಿಂಗಾರದ ಸೈಕಲ್ ಹೊರಬರುವುದು ಸಂತೆಯ ದಿನ ಮಾತ್ರ. ಆಗಲೂ ಬೋರಣ್ಣ ಅದನ್ನು ಹತ್ತುವುದಿಲ್ಲ, ತಳ್ಳಿಕೊಂಡೇ ನಡೆಯುತ್ತಾನೆ. ಮಂಡಿನೋವಿನ ಹೆಂಡತಿ ಪುಟ್ಟಕ್ಕ ಹಿಂದಿನ ಕ್ಯಾರಿಯರ್ ಹಿಡಿದು ಹೆಜ್ಜೆ ಹಾಕುತ್ತಾಳೆ. ಮೊನ್ನೆ ಬೀದಿಯ ಇಳಿಜಾರಿನಲ್ಲಿ ಅವಳೇ ಮಾತು ತೆಗೆದಳು. "ನಾನು ಅಮರಾಪುರದಾಗೆ ತಂಗಿ ಮನೇಲಿರ್ತೀನಿ. ನೀನು ಹೋಗ್ಬಾ. ಎಷ್ಟು ದಿನಾಂತ ಆಸೆ ಮುಚ್ಚಿಕ್ಕೊಂತೀಯ?" ಬೋರಣ್ಣ ತಿರುಗಿಯೂ ನೋಡದೆ, "ಎಂಗೋಗ್ಲೇ? ಬ್ರೇಕೇ ಸರಿಯಾಗಿ ಹಿಡಿಯಾಕಿಲ್ಲ" ಎಂದು ಗೊಣಗಿದ. ಆ ಮಾತು ಮುಗಿಯುವಷ್ಟರಲ್ಲಿ ಪುಟ್ಟಕ್ಕನ ಮಂಡಿ ಸೋತು, ಮೈಭಾರವೆಲ್ಲ ಕ್ಯಾರಿಯರ್ ಮೇಲೆ ಬಿತ್ತು. ಬೋರಣ್ಣ ಎರಡೂ ಬ್ರೇಕುಗಳನ್ನು ಅದುಮಿದ. ಅಂಥ ಇಳಿಜಾರಿನಲ್ಲೂ ಸೈಕಲ್ ಒಂದಿಷ್ಟೂ ಜರುಗಲಿಲ್ಲ. ಪುಟ್ಟಕ್ಕ ನಿಧಾನಕ್ಕೆ ಸಾವರಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಆಮೇಲೆ, "ಹೂಂ, ಬ್ರೇಕ್ ಸರಿಯಿಲ್ಲ ಬಿಡು" ಎಂದಳು.