ನಾರ್ವೆ ದಾಟಿ ಬಂದ ‘ಮೊರೆಂದೊ’

ಹಾಡಿನ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಸಣ್ಣ ಅಕ್ಷರಗಳನ್ನು ನಮ್ಮ ಗಾಯಕವೃಂದದಲ್ಲಿ ಯಾರೂ ಓದುವುದಿಲ್ಲ. ಓದಲು ಕನ್ನಡಕ ಬೇಕು, ಕನ್ನಡಕ ಏರಿಸಿದರೆ ವಯಸ್ಸಾಯಿತೆಂದು ಪಕ್ಕದವರಿಗೆ ಗೊತ್ತಾಗುತ್ತದೆ. ಕುವೈತಿನ ಚರ್ಚಿನಲ್ಲಿ ಶುಕ್ರವಾರದ ಕೊಂಕಣಿ ಬಲಿಪೂಜೆಗೆ ಹಾಡುವ ನಾವು ಹದಿನಾರು ಮಂದಿ ಕರಾವಳಿಯವರು, ಭಕ್ತಿಯನ್ನು ಗಂಟಲಿನ ಬಲದಿಂದ ಅಳೆಯುವವರು. ಅರ್ದಿಯಾದ ಗೋದಾಮಿನಲ್ಲಿ ವಾರವಿಡೀ ಫೋರ್ಕ್‌ಲಿಫ್ಟಿನ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ನಾನಂತೂ ಈ ಕಲೆಯಲ್ಲಿ ಅಗ್ರಗಣ್ಯ.

ಇಂಥ ನಮಗೆ ಹಾಡು ಕಲಿಸಲು ಒದಗಿದವನು ಲಾರ್ಸ್, ಮೀನಾ ಅಬ್ದುಲ್ಲಾದ ರಿಫೈನರಿಗೆ ಬಂದ ನಾರ್ವೆಯ ಎಂಜಿನಿಯರ್. ಅವನ ಪೆನ್ಸಿಲ್ಲಿನಿಂದ ಇಳಿಯುವುದು ಮಾತ್ರ ಇಟಾಲಿಯನ್. ಅವನ ನಾಡಿನವರು ಸಂಗೀತದ ಈ ಪದಗಳನ್ನು ಎಂದೋ ಎರವಲು ತಂದು, ಕೆಲವನ್ನು ತಮ್ಮ ಬಾಯಿಗೆ ಒಗ್ಗುವಂತೆ ತಿದ್ದಿಕೊಂಡರಂತೆ. ‘ಟೆಂಪೋ’ ಅವರಲ್ಲಿ ಕಾರ್ಖಾನೆಯ ಕೆಲಸದ ವೇಗಕ್ಕೂ ಸಲ್ಲುತ್ತದೆ. ನಮ್ಮೂರಲ್ಲಿ ಅದು ಮೀನು ಹೊತ್ತು ಓಡುತ್ತದೆ. ವೀಸಾ ಕೊಡಿಸುವ ಕಫೀಲನ ಹಂಗಿಲ್ಲದೆ ಗಡಿ ದಾಟುವ ಪದಗಳನ್ನು ಕಂಡರೆ, ವಾಸದ ಪರವಾನಗಿಯಾದ ಇಕಾಮಾ ನವೀಕರಿಸಿಕೊಳ್ಳುತ್ತಲೇ ತಲೆ ನರೆತ ನನಗೆ ತುಸು ಅಸೂಯೆ.

ನಮ್ಮಲ್ಲೊಂದು ಪದ್ಧತಿ ಇದೆ. ಊರಿಗೆ ಕಾಯಂ ಹೊರಡುವವರು ಕೊನೆಯ ಬಲಿಪೂಜೆಯಲ್ಲಿ ಮುಂದೆ ನಿಂತು ಒಂದು ಚರಣ ಹಾಡಬೇಕು. ಈ ಸಲದ ಸರದಿ ಹೆನ್ರಿಬಾಬ್ ಅವರದು. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದ ಅವರೇ ಈ ವೃಂದವನ್ನು ಕಟ್ಟಿದ ಹಿರಿಯರು. ಈಗ ಕಂಠ ಒಡೆದಿದೆ. ಹಾಗಾದಾಗ ಉಳಿದವರು ಗಟ್ಟಿಯಾಗಿ ಹಾಡಿ ಮಾನ ಕಾಯುವುದೂ ನಮ್ಮ ಪದ್ಧತಿಯೇ.

“ನೀವೆಲ್ಲ ಜೋರು ಹಾಡಿ ಮಾರಾಯ,” ಎಂದು ಅವರು ನನ್ನನ್ನು ಬದಿಗೆ ಕರೆದು ಹೇಳಿದರು, “ಅದರೊಳಗೆ ನಾನು ಹೇಗಾದ್ರೂ ದಾಟಿಕೊಳ್ತೇನೆ.”

ನಾನು ಮಾತು ಕೊಟ್ಟೆ. ಆದರೆ ಲಾರ್ಸ್ ಆ ಚರಣದ ಮೇಲೆಯೇ ‘ಮೊರೆಂದೊ’ ಎಂದು ಬರೆದಿದ್ದ. ದನಿ ನಂದುತ್ತ ಹೋಗಲಿ ಎಂದರ್ಥ. ನಾವು ಹದಿನೈದು ಮಂದಿ ನಂದಬೇಕು, ಹೆನ್ರಿಬಾಬ್ ಒಬ್ಬರೇ ಕೇಳಿಸಬೇಕು. ಒಡೆದ ಸ್ವರವನ್ನು ಸಭೆಯೆದುರು ಬಯಲಿಗಿಡುವುದು ಕ್ರೌರ್ಯವೆಂದೇ ನನಗೆ ತೋರಿತು. ಅವನಿಗೆ ಹೇಳಿಯೂ ನೋಡಿದೆ.

“ನಿಮ್ಮ ಸ್ವರ ಮುಂದಿನ ವಾರವೂ ಇರುತ್ತದೆ,” ಎಂದ, ತನ್ನ ಅಳೆದು ತೂಗಿದ ಇಂಗ್ಲಿಷಿನಲ್ಲಿ.

ಶುಕ್ರವಾರ ಆ ಚರಣ ಬಂತು. ಲಾರ್ಸನ ಅಂಗೈ ಇಳಿಯಿತು, ಉಳಿದವರ ದನಿಯೂ ಇಳಿಯಿತು. ಎರಡನೇ ಸಾಲಿನಲ್ಲಿ ಹೆನ್ರಿಬಾಬ್ ಅವರ ಸ್ವರ ಸಿಕ್ಕಿಕೊಂಡು ನಿಂತೇಬಿಟ್ಟಿತು. ಅವರು ನನ್ನತ್ತ ನೋಡಿದರು. ಎದೆ ತುಂಬ ಉಸಿರು ಎಳೆದುಕೊಂಡಿದ್ದೆ, ಆದರೂ ಹಾಡಲಿಲ್ಲ. ಧೈರ್ಯವೋ ದ್ರೋಹವೋ, ಈಗಲೂ ಹೇಳಲಾರೆ. ಚರ್ಚು ಕಾಯಿತು. ಅವರು ಆ ಸಾಲನ್ನು ಮೊದಲಿನಿಂದ ಎತ್ತಿಕೊಂಡು, ಒರಟು ದನಿಯಲ್ಲೇ, ಕೊನೆಯವರೆಗೂ ಹಾಡಿದರು.

ಬಲಿಪೂಜೆ ಮುಗಿದ ಮೇಲೆ ಹೆನ್ರಿಬಾಬ್ ನನ್ನೊಡನೆ ಮಾತಾಡದೆ ಹೊರನಡೆದರು. ಹಿಂದೆಯೇ ಬಂದ ಅವರ ಹೆಂಡತಿ ನನ್ನ ಬಳಿ ಒಂದು ಗಳಿಗೆ ನಿಂತರು.

“ಮೂವತ್ತು ವರ್ಷದಿಂದ ಹಿಂದಿನ ಬೆಂಚಲ್ಲಿ ಕೂತಿದ್ದೇನೆ,” ಎಂದರು. “ನಿಮ್ಮೆಲ್ಲರ ನಡುವೆ ಇವರ ಸ್ವರ ಯಾವುದೂಂತ ಇವತ್ತು ಗೊತ್ತಾಯ್ತು.”