ಉಳಿದಿರುವುದನ್ನು ಮೊದಲು ಹೇಳಿ

ಯಕೃತ್ತಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಓದುವ ವಿದ್ಯೆಯಲ್ಲಿ ವಿಭಾಗಕ್ಕೆ ಹೆಸರು ತಂದುಕೊಟ್ಟು, ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರು ಒಂದು ಕಡೆ ಕಾಲು ನಿಲ್ಲದವರು. ಸ್ಲೈಡು ನೋಡುವರು, ಎದ್ದು ಕಾರಿಡಾರಿನ ಉದ್ದಕ್ಕೂ ನಡೆಯುವರು, ಮರಳಿ ಬಂದು ಅದನ್ನೇ ನೋಡುವರು. ಅವರ ಕುರ್ಚಿಯಲ್ಲಿ ಅವರಿಗಿಂತ ಹೆಚ್ಚು ಹೊತ್ತು ಅವರ ಕೈಚೀಲ ಕೂತಿರುತ್ತದೆಂದು ವಿದ್ಯಾರ್ಥಿಗಳು ನಗುತ್ತಿದ್ದುದು ಅವರಿಗೂ ಗೊತ್ತಿತ್ತು.

ಹೆಪಟೈಟಿಸ್ ಪಾಠವನ್ನೂ ಅವರು ನಡೆಯುತ್ತಲೇ ಮಾಡುತ್ತಿದ್ದರು. ವೈರಸ್ ತಾನಾಗಿ ಯಕೃತ್ತನ್ನು ಕೆಡಿಸುವುದು ಕಡಿಮೆ. ಅದನ್ನು ಹಿಡಿಯಲು ನುಗ್ಗುವ ದೇಹದ ರಕ್ಷಕ ಕಣಗಳೇ ಸೋಂಕು ಹತ್ತಿದ ಜೀವಕೋಶಗಳನ್ನು ಕೊಲ್ಲುತ್ತವೆ, ಕಳ್ಳನನ್ನು ಹುಡುಕಲು ಬಂದವರೇ ಮನೆ ಒಡೆದಂತೆ. ಗಾಯ ಮಾಯ್ದಲ್ಲೆಲ್ಲ ನಾರು ಉಳಿಯುತ್ತದೆ. ಎಳೆ ಎಳೆಗೆ ಸೇರಿ, ಕೊನೆಗೆ ಜೀವಕೋಶಗಳನ್ನು ಸುತ್ತುಗಟ್ಟಿ ಗಂಟು ಗಂಟಾಗಿಸುತ್ತದೆ. ಅಲ್ಲಿಯವರೆಗೂ ಯಕೃತ್ತು ತುಟಿ ಪಿಟಕ್ಕೆನ್ನದಿರಬಹುದು. ಆದರೆ ಯಾರಾದರೂ ವರದಿಯನ್ನು ಗಂಟಿನಿಂದಲೇ ಶುರುಮಾಡಿದರೆ ಅವರು ಅಲ್ಲೇ ತಡೆಯುತ್ತಿದ್ದರು.

"ಕೆಟ್ಟಿದ್ದು ತಾನಾಗೇ ಕಣ್ಣಿಗೆ ಬೀಳುತ್ತೆ. ಉಳಿದಿರೋದನ್ನ ಮೊದಲು ಹೇಳಿ."

ಒಮ್ಮೆ ಸೋಂಕಿನ ಮಾದರಿ ಕೊಯ್ಯುವಾಗ ಬೆರಳಿಗೆ ಬ್ಲೇಡು ತಾಗಿ ಕಂಗಾಲಾದ ವಿದ್ಯಾರ್ಥಿನಿಯೊಬ್ಬಳ ಜೊತೆ, ರಕ್ತಪರೀಕ್ಷೆಯ ಫಲಿತಾಂಶ ಬರುವ ತನಕ, ಬುದ್ಧಿವಾದವನ್ನೂ ಹೇಳದೆ ಬೈಯಲೂ ಹೋಗದೆ ಕಾರಿಡಾರಿನಲ್ಲಿ ಹೆಜ್ಜೆ ಹಾಕಿದವರು ಅವರು. ಆಕೆಯೇ ಮುಂದೆ ಅವರ ಸಹೋದ್ಯೋಗಿಯಾದರು.

ಸೇವೆಯ ಕೊನೆಯ ವರ್ಷಗಳಲ್ಲಿ ಪ್ರಾಧ್ಯಾಪಕಿಯವರ ಒಡಹುಟ್ಟಿದ ತಮ್ಮನ ಯಕೃತ್ತಿನ ಮಾದರಿಯೇ ಮೇಜಿಗೆ ಬಂತು. ಬಹುಕಾಲದಿಂದ ವೈರಸ್ ಹೊತ್ತಿದ್ದರೂ ಅದರ ಸುಳಿವೇ ಇಲ್ಲದೆ ಓಡಾಡಿಕೊಂಡಿದ್ದವರು ಆತ. ತನ್ನವರ ಸ್ಲೈಡನ್ನು ತಾನು ಓದಬಾರದೆಂಬುದು ಅಕ್ಕನೇ ಹಾಕಿದ ಕಟ್ಟಳೆ. ಅದನ್ನು ಸಹೋದ್ಯೋಗಿಯಾಗಿದ್ದ ಆ ಹಳೆಯ ಶಿಷ್ಯೆಯ ಕೈಗಿತ್ತು ಹೊರನಡೆದರು. ಗಂಟು ಕಟ್ಟಿದ್ದರೆ ಮುಂದಿನ ದಾರಿ ಕಷ್ಟದ್ದು, ಕಟ್ಟಿರದಿದ್ದರೆ ಔಷಧಿಗೆ ಇನ್ನೂ ಸಮಯವಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದು ಆ ತಿಳಿವಳಿಕೆಯೇ ಅವರನ್ನು ಸುಟ್ಟಿತು. ಹೋದರು, ಬಂದರು, ಬಾಗಿಲ ಹಿಡಿಕೆಗೆ ಕೈಯಿಟ್ಟು ಹಿಂತೆಗೆದರು, ತಮ್ಮದೇ ಕಟ್ಟಳೆಯನ್ನು ಮನಸಾರೆ ಶಪಿಸಿದರು.

ಬಾಗಿಲು ತೆರೆಯಿತು. ಶಿಷ್ಯೆ ಹೊರಬಂದರು.

"ರಕ್ತನಾಳ ಎಲ್ಲಾ ಇದ್ದ ಜಾಗದಲ್ಲೇ ಇವೆ, ಮೇಡಂ. ಜೀವಕೋಶದ ಸಾಲುಗಳು ಮುಕ್ಕಾಲು ಪಾಲು ಚೆನ್ನಾಗಿವೆ. ನಾರು ಇದೆ. ಆದ್ರೆ ಎಲ್ಲೂ ಸುತ್ತುಗಟ್ಟಿಲ್ಲ."

ಮೇಡಂ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಆ ಬೆಂಚಿನಲ್ಲಿ ಅವರು ಕೂತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಇಂಥವರಿಗೆ ವಿಶ್ರಾಂತ ಜೀವನ ಹಾರೈಸುವಷ್ಟು ದಡ್ಡತನ ವಿಭಾಗಕ್ಕಿಲ್ಲ. ದೀರ್ಘಾಯುಸ್ಸು, ತೀಕ್ಷ್ಣವಾದ ಕಣ್ಣು, ನಡೆಯಲು ಉದ್ದನೆಯ ಕಾರಿಡಾರು, ಅಡ್ಡಗಟ್ಟಿ ಪ್ರಶ್ನೆ ಕೇಳಲು ಹೊಸ ಹೊಸ ವಿದ್ಯಾರ್ಥಿಗಳು ಅವರಿಗೆ ಸದಾ ಇರಲಿ. ತಪ್ಪದೆ ಔಷಧಿ ತೆಗೆದುಕೊಂಡು ಚೇತರಿಸಿಕೊಂಡಿರುವ ತಮ್ಮ, ಅಕ್ಕನ ಗೌರವಾರ್ಥ ವಿಭಾಗ ತರುತ್ತಿರುವ ಈ ಸಂಪುಟದ ಬಿಡುಗಡೆಗೆ ಬರುತ್ತಿದ್ದಾರೆ. ಮೊದಲ ಸಾಲಿನಲ್ಲಿ ತನ್ನ ಪಕ್ಕ ಅಕ್ಕನಿಗೊಂದು ಕುರ್ಚಿ ಹಾಕಿಸಿ ಎಂದು ಈಗಾಗಲೇ ಫೋನು ಮಾಡಿದ್ದಾರೆ.

"ಅವಳು ಕೂರಲ್ಲ, ಗೊತ್ತು. ಆದ್ರೂ ಹಾಕ್ಸಿ."