ಹೆಸರಿನ ಮುಂದೆ ಒಂದು ಊರು

ಇವತ್ತು ರಾಮನಗರದ ಬಸ್ಸು ಹತ್ತಿದೊಡನೆ ಯಾರದೋ ಚೀಲದಿಂದ ರೇಷ್ಮೆಗೂಡಿನ ವಾಸನೆ ಬಂತು. ನಿಂತಲ್ಲೇ ನಾನು ಮತ್ತೆ ಸ್ಕೂಲ್ ಹುಡುಗಿಯಾದೆ.

ಆಗ ರೇಡಿಯೋದಲ್ಲಿ ಹಾಡುತ್ತಿದ್ದ ಗಾಯಕರೊಬ್ಬರ ಹೆಸರಿನ ಮುಂದೆ ವಿರೂಪಾಕ್ಷಿಪುರ ಎಂದಿತ್ತು. ನನ್ನ ಹೆಸರಿನ ಮುಂದೆಯೂ ಅದೇ. ‘ಅವರು ನಮ್ಮ ದೊಡ್ಡಪ್ಪ’ ಎಂದು ಕ್ಲಾಸಿನಲ್ಲಿ ಕೊಚ್ಚಿಕೊಂಡೆ. ನಂಬಿದ ಮೇಷ್ಟ್ರು, ಅವರನ್ನು ಸ್ಕೂಲ್ ಡೇಗೆ ಕರೆಸೋಣವೆಂದು ಸಂಜೆ ಮನೆಗೇ ಬಂದುಬಿಟ್ಟರು. ನಾನು ಕದದ ಹಿಂದೆ ಅಡಗಿ ನಿಂತೆ.

ಅಜ್ಜಿ ಗೂಡು ಬಿಡಿಸುತ್ತಾ ಕೂತಿದ್ದಳು. “ಆ ಗಾಯಕರು ನಿಮಗೇನಾಗಬೇಕಮ್ಮ?” ಎಂದರು ಮೇಷ್ಟ್ರು. ಅಜ್ಜಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಕದದ ಸಂದಿಯಲ್ಲಿ ನನ್ನ ಮುಖ ನೋಡಿದಳು.

“ಯಾವೂರೋರು ಮೇಷ್ಟ್ರೇ?”

“ನಿಮ್ಮೂರೇ.”

“ಅಂಗಾದ್ರೆ ನಮ್ಮೋರೇ ಬುಡಿ. ಆದ್ರೆ ಕರುದ್ರೆ ಬರೋವಷ್ಟು ಬಳಕೆ ಇಲ್ಲ. ಒಸಿ ಮಜ್ಜಿಗೆ ಕುಡೀರಿ.”

ಮೇಷ್ಟ್ರು ನಕ್ಕು, ಮಜ್ಜಿಗೆ ಕುಡಿದು ಹೋದರು. ಹೋದ ಜೀವ ಬಂದಂತಾಯಿತು. ಅಜ್ಜಿ ಬೈಯಲಿಲ್ಲ. “ಬಾವ್ವ, ಗೂಡು ಬುಡ್ಸು” ಎಂದಳು, ಅಷ್ಟೇ.

ಇವತ್ತು ಬಸ್ಸಿನಲ್ಲಿ ಆ ಚೀಲದ ಹೆಂಗಸು “ಯಾವೂರವ್ವ?” ಎಂದು ಕೇಳಿದರು. ಹೇಳಿದೆ. “ನಮ್ದೂ ಅದೇಯ” ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನಗೆ ಜಾಗ ಬಿಟ್ಟರು.